ಹದಿನೆಂಟು ಗುಂಟೆ

ಠಣ್ — ಹಾರೆ ನೆಲದೊಳಗಿನ ಬಂಡೆಗೆ ತಾಗಿತು, ತಾಗಲಿ, ಮುರಿದೇ ಹೋಗಲಿ ಎಂದುಕೊಂಡಳು ಪ್ರಮೋದಾ, ಕುಂದಾಣದ ಹೊಲದಲ್ಲಿ ದೊಡ್ಡಮ್ಮ ಮುನಿತಾಯಮ್ಮನ ಪಾಲಿನೊಳಗೇ ಗಡಿಕಲ್ಲು ನೆಡಿಸುತ್ತಿದ್ದಾನೆ ಅವಳ ಮೈದುನ ಮುನಿಶಾಮಪ್ಪ, ಸತ್ತ ಅಣ್ಣನ ಹೆಂಡತಿಗೆ ಹದಿನೆಂಟು ಗುಂಟೆ ಕಡಿಮೆ, ಪತ್ರದಾಗೆ ಹೆಂಗೈತೋ ಹಂಗೆ ಕಣಮ್ಮ, ನಿನ್ ಕಂಪ್ಯೂಟ್ರೇ ಬರ್ದಿರೋದು, ನಾನೇನ್ ಮಾಡ್ಲಿ ಅನ್ನುತ್ತಾನೆ — ಹೌದು, ಅವಳದೇ. ದೇವನಹಳ್ಳಿಯ ಪತ್ರ ಬರಹಗಾರರ ಅಂಗಡಿಗೆ ವಿಭಾಗಪತ್ರ ಅಚ್ಚು ಹಾಕುವ ಪ್ರೋಗ್ರಾಂ ಬರೆದವಳು ಅವಳೇ, ವಿಸ್ತೀರ್ಣದ ಅಂಕಿ ಇಡುವ ವೇರಿಯಬಲ್‌ಗೆ ಯಾವ ಟೈಪ್ ಎಂದು ಒಂದು ನಿಮಿಷವೂ ಯೋಚಿಸಲಿಲ್ಲ, ಚುಕ್ಕಿ ಇದೆಯಲ್ಲ, ದಶಮಾಂಶ, ಫ್ಲೋಟ್ ಹಾಕು, ಮುಗೀತು. ಥೂ! ಚುಕ್ಕಿಯ ಎಡಕ್ಕೆ ಎಕರೆ, ಬಲಕ್ಕೆ ಗುಂಟೆ, ಎಕರೆಗೆ ನಲವತ್ತು ಗುಂಟೆ, ೧.೩೯ ಆದಮೇಲೆ ಎರಡು, ರಾಗಿ ಹೊಲದಲ್ಲೇ ಬೆಳೆದವಳಿಗೆ ಗೊತ್ತಿರಲಿಲ್ಲವೆ, ಒಂದು ಎಕರೆ ಇಪ್ಪತ್ತು ಗುಂಟೆಯನ್ನು ೧.೨೦ ಎಂದು ಕೊಟ್ಟರೆ ಯಂತ್ರಕ್ಕೆ ಕೊನೆಯ ಸೊನ್ನೆ ದಂಡ, ಕಿತ್ತೆಸೆದು ೧.೨ ಮಾಡಿತು, ಅದನ್ನೇ ಒಂದು ಎಕರೆ ಎರಡು ಗುಂಟೆ ಎಂದು ಅಕ್ಷರದಲ್ಲೂ ಅಚ್ಚು ಹಾಕಿತು, ಮಿಕ್ಕಿದ್ದೆಲ್ಲ ಮೈದುನನಿಗೆ. ಎಕರೆಗೊಂದು, ಗುಂಟೆಗೊಂದು, ಎರಡು ಪೂರ್ಣಾಂಕ ಇಟ್ಟಿದ್ದರೆ ಸಾಕಿತ್ತು, ಪರೀಕ್ಷೆಗೆ ಹಾಕಿದ್ದು ೨.೩೫, ೧.೧೫, ಸರಿಯಾಗೇ ಬಂತು, ಇಪ್ಪತ್ತು ಹಾಕಿ ನೋಡುವ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ. ಮುನಿಶಾಮಪ್ಪ ಕನ್ನಡಕ ಏರಿಸಿ ಎರಡು ಸಲ ಓದಿದ್ದ, ಕಮಕ್ ಕಿಮಕ್ ಎನ್ನಲಿಲ್ಲ, ಕಳ್ಳ — ಕಳ್ಳನಿಗೆ ಬಾಗಿಲು ತೆಗೆದಿಟ್ಟವಳು ಯಾರು? ತಿದ್ದುಪಡಿ ಪತ್ರಕ್ಕೆ ಅವನ ಸಹಿಯೂ ಬೇಕು, ಕಾಲು ಹಿಡಿದರೂ ಹಾಕಲೊಲ್ಲ, ಕೋರ್ಟಿಗೋಗ್ರಮ್ಮ ಅನ್ನುತ್ತಾನೆ, ಪ್ರೋಗ್ರಾಂ ಏನೋ ನಿನ್ನೆಯೇ ಸರಿಯಾಯಿತು, ಇನ್ನು ಊರಿನ ಯಾರ ಪತ್ರವೂ ಕೆಡುವುದಿಲ್ಲ, ಭೇಷ್!

ದೊಡ್ಡಮ್ಮ ಬದುವಿನ ಮೇಲೆ ಕೂತಿದ್ದಾಳೆ, ಬೈಯುವುದಿಲ್ಲ, ಬೈದಾದರೂ ಬೈಯಬಾರದೆ, ಟೀ ಕುಡಿದ್ಯೇನೇ ಪಮ್ಮಿ ಅನ್ನುತ್ತಾಳೆ, ಅಯ್ಯೋ ಸುಮ್ನಿರು ದೊಡ್ಡಮ್ಮ. ಅವತ್ತು ಬರಹಗಾರರು ಓದಿ ಹೇಳಲು ಹೊರಟರೆ ತಡೆದವಳು ಇವಳೇ, ಬ್ಯಾಡ ಬುಡಪ್ಪ, ನಮ್ ಹುಡ್ಗಿ ಮಾಡಿರೋದ್ರಾಗೆ ತಪ್ಪಿರ್ತದಾ, ಪಕ್ಕದಲ್ಲಿ ನಿಂತ ಪ್ರಮೋದಾ ಹೆಮ್ಮೆಯಿಂದ ಉಬ್ಬಿಹೋಗಿದ್ದಳು, ದೊಡ್ಡಮ್ಮ ಹೆಬ್ಬೆಟ್ಟಿಗೆ ಇಂಕು ಹಚ್ಚಿಕೊಂಡು, ಒತ್ತಿ, ನರೆಗೂದಲಿಗೆ ಒರೆಸಿಕೊಂಡು ನಕ್ಕಿದ್ದಳು — ಠಣ್ — ಆ ನೀಲಿ ಹೆಬ್ಬೆಟ್ಟು, ಕಾಗದದ ಮೇಲೆ ತಡವರಿಸಿದ ಹೆಬ್ಬೆಟ್ಟು, ಎಲ್ಲಿ ಒತ್ಬೇಕು ತೋರ್ಸು ಮಗಾ, ಪ್ರಮೋದಾಳೇ ಬೆರಳಿಟ್ಟು ತೋರಿಸಿದ್ದಳು, ಇಲ್ಲಿ, ಇಲ್ಲಿ ಒತ್ತು ದೊಡ್ಡಮ್ಮ, ಆ ಹೆಬ್ಬೆಟ್ಟು, ಇಲ್ಲಿ —