ಸರಪಳಿ ಹಿಡಿದವನು

ನಾಯಿ ಬಂದ ಮೇಲೆ ಗೋದಾಮಿನಲ್ಲಿ ನಾವು ಹಮಾಲರು ನೀರು ಕುಡಿಯುವುದನ್ನೇ ಬಿಟ್ಟೆವು. ನಲ್ಲಿ ಇದ್ದದ್ದು ಅದನ್ನು ಕಟ್ಟುವ ಜಾಗದ ಪಕ್ಕದಲ್ಲೇ. ಬೆನ್ನ ಮೇಲೆ ಸಿಮೆಂಟಿನ ಚೀಲ, ಮೂಗಿನ ತುಂಬ ಪುಡಿ, ಗಂಟಲು ಒಣಗಿ ಉಗುಳು ನುಂಗಲೂ ಆಗುತ್ತಿರಲಿಲ್ಲ. ಆದರೂ ಯಾರೂ ಅತ್ತ ಸುಳಿಯುತ್ತಿರಲಿಲ್ಲ. ಮಧ್ಯಾಹ್ನ ಸ್ವಲ್ಪ ಹೊತ್ತು ನೆರಳಲ್ಲಿ ಕೂರಲು ಬಿಡಿ ಎಂದು ನಾವು ಕೇಳಿದ ಮರುವಾರವೇ ಧಣಿ ಅದನ್ನು ತಂದಿದ್ದ. ಕರುವಿನಷ್ಟು ಎತ್ತರ. ಬೊಗಳುತ್ತಿರಲಿಲ್ಲ. ಸುಮ್ಮನೆ ನೋಡುತ್ತಿತ್ತು.

ಸರಪಳಿ ಹಿಡಿಯುವ ಕೆಲಸ ಕಾವಲುಗಾರ ಅಣ್ಣನ ತಲೆಗೆ ಬಿತ್ತು. ನಮ್ಮಲ್ಲೆಲ್ಲ ಅವನೇ ಪುಕ್ಕಲ. ಜಿರಲೆ ಕಂಡರೂ ಹೆಂಡತಿಯನ್ನು ಕೂಗುವವನು. ಆ ಹೆಂಡತಿ, ನಮ್ಮೆಲ್ಲರ ಅತ್ತಿಗೆ, ಅಲ್ಲೇ ಗೋದಾಮು ಗುಡಿಸುತ್ತಿದ್ದಳು.

ಅಷ್ಟರಲ್ಲಿ ನಗರಸಭೆಯವರು ಗಾಡಿಗೆ ಮೈಕು ಕಟ್ಟಿಕೊಂಡು ಹೊಸ ಕಾನೂನು ಸಾರಿದರು. ಅಪಾಯಕಾರಿ ನಾಯಿಗಳ ಬಾಯಿಗೆ ಕುಕ್ಕೆ ಹಾಕಬೇಕು. ಕಚ್ಚಿದರೆ, ನಾಯಿ ಯಾರ ವಶದಲ್ಲಿದೆಯೋ ಅವರಿಗೆ ಜೈಲು. ಅಣ್ಣನಿಗೆ ಹೋದ ಜೀವ ಬಂದಂತಾಯಿತು. ಅಂದೇ ಚರ್ಮದ ಕುಕ್ಕೆ ಹೊಲಿಸಿಕೊಂಡು ಬಂದ.

ಧಣಿ ಅದನ್ನು ಕಿತ್ತು ಚರಂಡಿಗೆ ಎಸೆದ. "ಬಾಯಿ ಕಟ್ಟಿದ ನಾಯಿಗೆ ಈ ಜನ ಹೆದರ್ತಾರೇನೋ?"

"ಕಾನೂನು ಬಂದಿದೆಯಲ್ಲ ಧಣಿ..."

"ಕಾನೂನು ನಾನು ನೋಡ್ಕೋತೀನಿ, ನೀನು ನಾಯಿ ನೋಡ್ಕೋ. ಇನ್ಮೇಲೆ ಅದಕ್ಕೆ ಒಂದೇ ಹೊತ್ತು ಊಟ. ಹೊಟ್ಟೆ ತುಂಬಿದ್ರೆ ಬಿದ್ಕೊಳತ್ತೆ."

ನಾಯಿಯ ಪಕ್ಕೆಲುಬು ಕಾಣತೊಡಗಿತು. ಚೀಲ ಹೊತ್ತು ನಡೆಯುವಾಗ ಅದರ ಕಣ್ಣು ನಮ್ಮ ಮೀನಖಂಡದ ಮೇಲೇ ಇರುತ್ತಿತ್ತು. ಸರಪಳಿ ಸುತ್ತಿ ಸುತ್ತಿ ಅಣ್ಣನ ಮಣಿಕಟ್ಟು ಕಪ್ಪುಗಟ್ಟಿತು. "ಇವತ್ತಲ್ಲ ನಾಳೆ ಏನೋ ಆಗತ್ತೆ ಕಣ್ರೋ," ಎನ್ನುತ್ತಿದ್ದ.

ಆದದ್ದು ಅತ್ತಿಗೆಗೇ. ಚೆಲ್ಲಿದ ಸಿಮೆಂಟು ಬಳಿಯಲು ಬಗ್ಗಿದ್ದಳು. ನಾಯಿ ಎಗರಿದ ರಭಸಕ್ಕೆ ಅಣ್ಣ ಮುಗ್ಗರಿಸಿ ಬಿದ್ದ, ಸರಪಳಿ ಜಾರಿತು. ಅದು ಅವಳ ತೋಳು ಕಚ್ಚಿ ಹಿಡಿದು ಎಳೆದಾಡಿತು. ನಾವು ಕೋಲು ಹುಡುಕುವುದರೊಳಗೆ ಆ ಪುಕ್ಕಲ ಅಣ್ಣ ತನ್ನ ಎರಡೂ ಕೈಗಳನ್ನು ಅದರ ದವಡೆಗೆ ತೂರಿಸಿ ಬಾಯಿ ಅಗಲಿಸಿದ. ನಾವು ಸರಪಳಿ ಎಳೆದು ಅದನ್ನು ಕಿಟಕಿಯ ಸರಳಿಗೆ ಬಿಗಿದೆವು.

ಮರುದಿನ ಬೆಳಿಗ್ಗೆ ನಗರಸಭೆಯ ಇನ್ಸ್‌ಪೆಕ್ಟರು ಪೊಲೀಸರ ಜೊತೆ ಬಂದ. ಧಣಿ ಕುರ್ಚಿ ಹಾಕಿಸಿದ.

"ನಾಯಿ ಯಾರದು?"

"ಇವನದೇ ಸಾರ್," ಧಣಿ ಅಣ್ಣನತ್ತ ಬೆರಳು ತೋರಿಸಿದ. "ಪಾಪ ಅಂತ ಇಲ್ಲಿ ಕಟ್ಟೋಕೆ ಜಾಗ ಕೊಟ್ಟಿದ್ದೆ."

"ಸುಳ್ಳು ಸಾರ್, ಧಣಿದೇ ನಾಯಿ!" ಎಂದೆವು ನಾವು.

"ಕೇಳಿದಾಗ ಬಾಯಿ ಬಿಡಿ," ಎಂದು ಗದರಿಸಿ ಇನ್ಸ್‌ಪೆಕ್ಟರು ಅಣ್ಣನತ್ತ ತಿರುಗಿದ. "ಅನ್ನ ಹಾಕೋನು ಯಾರಯ್ಯ?"

"ನಾನೇ ಸಾರ್, ಆದ್ರೆ..."

"ಸರಪಳಿ ಹಿಡಿಯೋನು?"

"ನಾನೇ."

"ಮುಗೀತಲ್ಲ. ನಿನ್ನ ವಶದಲ್ಲೇ ಇತ್ತು."

ಅತ್ತಿಗೆ ಜೋಲಿ ಕಟ್ಟಿದ ತೋಳಿನಲ್ಲೇ ಮುಂದೆ ಬಂದಳು. "ಅನ್ನ ಹಾಕ್ದೋರೇ ಯಜಮಾನ್ರಾದ್ರೆ, ಇವರ ಮನೇಲಿ ಅಡುಗೆ ಮಾಡೋ ನಮ್ಮಕ್ಕ ಇವರಿಗೆ ಯಜಮಾನಿನಾ ಸಾರ್?"

ನಮ್ಮಲ್ಲೊಬ್ಬ ಕಿಸಕ್ಕೆಂದ. ಇನ್ಸ್‌ಪೆಕ್ಟರು ನಗಲಿಲ್ಲ.

"ಕಚ್ಚಿಸ್ಕೊಂಡೋಳು ನಾನು. ನನ್ನ ದೂರು ಧಣಿ ಮೇಲೆ."

"ಕಾನೂನಲ್ಲಿ ಹಾಗೆಲ್ಲ ಬರಲ್ಲಮ್ಮ."

ಅಣ್ಣನ ಎರಡೂ ಕೈಗೆ ಬ್ಯಾಂಡೇಜಿತ್ತು. ಬೇಡಿ ಹಾಕಲು ಆಗಲಿಲ್ಲ. ರಟ್ಟೆ ಹಿಡಿದು ಜೀಪು ಹತ್ತಿಸಿದರು. ಅವನು ಹೆಂಡತಿಯ ತೋಳನ್ನೇ ನೋಡುತ್ತ ಹೋದ.

ಜೀಪು ಮರೆಯಾಯಿತು. ಕಿಟಕಿಯ ಸರಳಿಗೆ ಕಟ್ಟಿದ್ದ ನಾಯಿ ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ. ಅದು ಎಳೆದಾಗಲೆಲ್ಲ ಗೋಡೆಯ ಗಾರೆ ಉದುರುತ್ತಿತ್ತು.

"ಏಯ್, ಯಾರಾದ್ರೂ ಹಿಡ್ಕೊಳ್ರೋ!" ಎಂದ ಧಣಿ.

ಯಾರೂ ಅಲುಗಲಿಲ್ಲ.

"ನಿಮಗೇ ಹೇಳಿದ್ದು!"

ನಮ್ಮ ಹಿರೀಕ ಕೈ ಹಿಂದೆ ಕಟ್ಟಿಕೊಂಡ. ಅವನ ಪಕ್ಕದವನೂ ಕಟ್ಟಿಕೊಂಡ. ಎಲ್ಲರೂ ಕಟ್ಟಿಕೊಂಡೆವು. ಸರಳು ಕಟಕ್ಕೆಂದು ಬಾಗಿತು. ಬೈಯುತ್ತಲೇ ಓಡಿದ ಧಣಿ ಎರಡೂ ಕೈಯಲ್ಲಿ ಸರಪಳಿ ಹಿಡಿದು ಗೋಡೆಗೆ ಒರಗಿದ. ನಾಯಿ ಎಳೆಯುವುದನ್ನು ನಿಲ್ಲಿಸಿತು. ನಿಧಾನಕ್ಕೆ ತಿರುಗಿ ಅವನನ್ನು ನೋಡಿತು.

ಅತ್ತಿಗೆ ಗೇಟಿನತ್ತ ನಡೆದಳು. ನಾವೂ ಹಿಂದೆಯೇ ನಡೆದೆವು. ಕೊನೆಯವನು ಗೇಟು ಎಳೆದು ಹೊರಗಿನಿಂದ ಅಗುಳಿ ಹಾಕಿದ.

"ಎಲ್ಲಿಗ್ರೋ ಹೋಗ್ತಿದೀರ?" ನಾಯಿಯ ಮೇಲಿಂದ ಕಣ್ಣು ತೆಗೆಯದೆಯೇ ಕೂಗಿದ ಧಣಿ.

"ಸ್ಟೇಷನ್ನಿಗೆ," ಎಂದಳು ಅತ್ತಿಗೆ. "ನಾಯಿ ಈಗ ಯಾರ ವಶದಲ್ಲಿದೆ ಅಂತ ಹೇಳೋಕೆ."