ಆಕಳ ಪಾಲಿನ ರೊಟ್ಟಿ

ನಮ್ಮ ಫ್ರೀಜರಿನಲ್ಲಿ ತೊಂಬತ್ತೊಂದು ಜೋಳದ ರೊಟ್ಟಿಗಳಿದ್ದವು. ಒಂದೂ ಮನುಷ್ಯರಿಗಲ್ಲ. ಗದಗಿನಿಂದ ಬಂದ ನನ್ನ ಅತ್ತೆ ಬಂಗಾರೆವ್ವನವರ ಹಳೆಯ ನೇಮ: ದಿನದ ಮೊದಲ ರೊಟ್ಟಿ ಆಕಳಿಗೆ. ಈ ಪರದೇಶದ ಡ್ಯಾನ್‌ವಿಲ್‌ನಲ್ಲಿ ಆಕಳನ್ನು ಎಲ್ಲಿಂದ ತರುವುದು? ಸಿಗುವವರೆಗೂ ತೆಗೆದಿಡು ಎಂದರು. ತೆಗೆದಿಟ್ಟು ತೆಗೆದಿಟ್ಟು ನನ್ನ ಐಸ್‌ಕ್ರೀಮು ಬೀದಿಗೆ ಬಿತ್ತು.

"ಒಣಗಿಸಿ ಡಬ್ಬಿಗೆ ಹಾಕ್ರಿ ಅತ್ತಿ, ಕಟಕ ರೊಟ್ಟಿ ಆಗ್ತಾವು" ಎಂದೆ.

"ಹಲ್ಲಿಲ್ಲದ ಮುದಿ ಆಕಳ ಸಿಕ್ರ?" ಎಂದರು. ನನ್ನ ಎಂ.ಎಸ್. ಡಿಗ್ರಿ ಬದಿಗಿಟ್ಟು ಫ್ರೀಜರಿನ ಬಾಗಿಲು ಮುಚ್ಚಿದೆ.

ಮಂಗಳವಾರ ಅವರು ಊರಿಗೆ ಹೊರಡಬೇಕು. ಆಕಳ ಪಾಲು ಆಕಳಿಗೆ ಮುಟ್ಟಿಸದೆ ವಿಮಾನ ಹತ್ತಲಾರೆ ಎಂದು ಗುರುವಾರದಿಂದಲೇ ಕಣ್ಣೀರು ಶುರುವಾಯಿತು. ಇಷ್ಟು ದಿನ ಗೊಣಗಿದ್ದ ನಾನೂ ಆಕಳು ಹುಡುಕಲು ಕೂತೆ. ಕೊನೆಗೆ ನನ್ನ ಗಂಡ ಗುರುಕಿರಣ, ಪಕ್ಕದೂರು ಸ್ಯಾನ್ ರಮೋನ್ ಆಚೆಯ ಗುಡ್ಡಗಳಲ್ಲಿ ನೂರೈವತ್ತು ವರ್ಷ ಹಳೆಯದೊಂದು ದನದ ರಾಂಚ್ ಹೈಕಿಂಗಿಗೆ ತೆರೆದಿರುವುದನ್ನು ಪತ್ತೆಹಚ್ಚಿದ. ಶನಿವಾರ ಬೆಳಗ್ಗೆ ತೊಂಬತ್ತೊಂದು ರೊಟ್ಟಿಗಳನ್ನೂ ಮೈಕ್ರೋವೇವಿನಲ್ಲಿ ಮೆತ್ತಗೆ ಮಾಡಿ ಬುಟ್ಟಿಗೆ ತುಂಬಿದೆವು.

ಪಾರ್ಕಿಂಗ್ ಲಾಟಿನಲ್ಲಿ ಗುರುಕಿರಣ ನನ್ನನ್ನು ಪಕ್ಕಕ್ಕೆ ಎಳೆದ. "ಇವು ಕಸಾಯಿಖಾನಿಗೆ ಹೋಗೂ ದನ ಅಂತ ಅವ್ವಗ ಗೊತ್ತಾದ್ರ ಎದಿ ಒಡಕೋತಾಳ. ಬಾಯಿ ಬಿಡಬ್ಯಾಡ."

ಬೇಲಿಯಾಚೆ ಕಪ್ಪು ದನಗಳು, ಬೇಲಿಗೆ 'ದನಗಳಿಗೆ ಏನನ್ನೂ ತಿನ್ನಿಸಬೇಡಿ' ಎಂಬ ಇಂಗ್ಲಿಷ್ ಬೋರ್ಡು. ಅತ್ತೆ ಬುಟ್ಟಿ ಹಿಡಿದು ಸೀದಾ ನಡೆದರು. ಹ್ಯಾಟು ತೊಟ್ಟ ಹೆಂಗಸೊಬ್ಬಳು ಓಡಿಬಂದು ಅಡ್ಡ ನಿಂತಳು. ಹೆಸರು ಪೆಗ್ಗಿ, ಮುತ್ತಜ್ಜನ ಕಾಲದಿಂದ ರಾಂಚ್ ಅವರದೇ. ಗುರುಕಿರಣ ಅವಳಿಗೆ ತೊಂಬತ್ತೊಂದು ದಿನಗಳ ಕತೆ ಹೇಳಿದ. ಅವಳು ಅಡ್ಡಡ್ಡ ತಲೆಯಾಡಿಸಿದಳು. ರೂಲ್ಸ್ ಅಂದರೆ ರೂಲ್ಸ್.

"ಹೊತ್ತಿಗೆ ಎಷ್ಟು ಲೀಟರ್ ಹಾಲ ಕೊಡ್ತಾವ, ಕೇಳೋ ಗುರು" ಎಂದರು ಅತ್ತೆ.

ಕೇಳಿದ. ಪೆಗ್ಗಿ ಮುಚ್ಚುಮರೆಯ ಹೆಂಗಸಲ್ಲ. "ಹಾಲಿಲ್ಲ, ಮಾಂಸಕ್ಕೆ" ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು.

ಗುರುಕಿರಣ ಅವ್ವನತ್ತ ತಿರುಗಿದ. "ಇವರು ಹಾಲ ಕರಿಯೂದ ಇಲ್ಲಂತ ಅವ್ವಾ. ಎಲ್ಲಾ ಕರಕ್ಕ ಬಿಡ್ತಾರಂತ."

"ನಾಲ್ಕೂ ಮೊಲಿ? ನಾವು ಒಂದು ಮೊಲಿ ಬಿಟ್ಟು ಊರೆಲ್ಲಾ ಹೇಳ್ಕೊಂಡು ತಿರಗ್ತೀವಿ!" ಎಂದವರೇ ಅತ್ತೆ ಬಗ್ಗಿ ಪೆಗ್ಗಿಯ ಬೂಟು ಹಿಡಿದರು. ಏನೋ ಬಿದ್ದಿರಬೇಕೆಂದು ಪೆಗ್ಗಿಯೂ ಬಗ್ಗಿದಳು. ತಲೆಗೆ ತಲೆ ಬಡಿದು ಹ್ಯಾಟು ಸಗಣಿಯ ಮೇಲೆ ಬಿತ್ತು.

"ಏನಂತಾರೆ ಇವರು?" ಎಂದು ಹಣೆ ಉಜ್ಜಿಕೊಳ್ಳುತ್ತ ನನ್ನನ್ನು ಕೇಳಿದಳು.

"ನಿಮ್ಮಂಥ ಪುಣ್ಯವಂತರನ್ನ ನೋಡೇ ಇಲ್ಲವಂತೆ" ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಪೆಗ್ಗಿಯ ಮುಖ ಕೆಂಪಾಯಿತು. ಬೋರ್ಡು ನೋಡಿದಳು, ಅತ್ತೆಯನ್ನು ನೋಡಿದಳು. ನೀವು ಕೊಡುವಂತಿಲ್ಲ, ನಾನು ಕೊಡಬಹುದು ಎಂದು ಬುಟ್ಟಿ ಇಸಿದುಕೊಂಡಳು. "ಟೊರ್ಟಿಯಾನಾ ಇದು?" ಎಂದಳು, ತಮ್ಮ ಕಡೆಯ ಮೆಕ್ಕೆಜೋಳದ ರೊಟ್ಟಿ ನೆನೆದು.

"ಅದರ ಅತ್ತೆ" ಎಂದೆ.

ಕ್ಷಣದಲ್ಲಿ ಬುಟ್ಟಿ ಖಾಲಿ. ಅತ್ತೆ ಬೇಲಿಯ ಈಚೆ ನಿಂತು ಒಂದೊಂದು ದನಕ್ಕೂ ಕೈಮುಗಿದರು.

ವಾಪಸು ಬರುವಾಗ ಗುರುಕಿರಣ ಗೆದ್ದವನ ಹಾಗೆ ಸಿಳ್ಳೆ ಹಾಕುತ್ತಿದ್ದ. ಹಿಂದಿನ ಸೀಟಿನಿಂದ ಅತ್ತೆ ಮಾತಾಡಿದರು. "ಹಾಲ ಕರೀದ ದನ ಎಲ್ಲಿಗೆ ಹೋಗ್ತಾವಂತ ನನಗ ಗೊತ್ತಿಲ್ಲೇನೋ ಗುರು? ದನದ ಸಂತಿ ನಾನೂ ನೋಡೀನಿ."

ಸಿಳ್ಳೆ ನಿಂತಿತು. "ಮತ್ತ ಆಕಿ ಕಾಲಿಗ್ಯಾಕ ಬಿದ್ರಿ?" ಎಂದೆ.

"ಬೋರ್ಡ ಓದಾಕ ಬರಲಿಕ್ರೂ ಆಕಿ ಮಾರಿ ಓದಾಕ ಬರ್ತೈತಿ. ಕಾಲಿಗೆ ಬೀಳದಿದ್ರ ಬಿಡ್ತಿದ್ಲೇನು? ಹೋಗಾವಕ್ಕ ಉಣಿಸಿ ಕಳಸಬೇಕವಾ ಶೀತಲ್."

ಮಂಗಳವಾರ ನಸುಕಿನಲ್ಲಿ ನಾನೇ ರೊಟ್ಟಿ ಬಡಿದೆ. ಸೊಟ್ಟಗೆ ಬಂದ ಮೊದಲನೆಯದನ್ನು ಅತ್ತೆಯ ತಾಟಿಗೆ ಹಾಕಿದೆ.

"ಏ ಹುಚ್ಚಿ, ಮೊದಲಿಂದು ಆಕಳದು!"

"ಹೋಗಾವ್ರಿಗೆ ಉಣಿಸಿ ಕಳಸಬೇಕು ಅಂದೀರಲ್ರಿ."

ಅತ್ತೆ ರೊಟ್ಟಿಯನ್ನು ಕೈಗೆತ್ತಿಕೊಂಡರು. ಆಮೇಲೆ ಮುರಿದು ಅರ್ಧ ತಿಂದರು. ಉಳಿದರ್ಧ ಈಗಲೂ ನಮ್ಮ ಫ್ರೀಜರಿನಲ್ಲಿದೆ.