ಮಾವ ಮಾಡಿದ ಸ್ಪೀಕರ್ ಪೆಟ್ಟಿಗೆಗಳು

ಆಫೀಸಿನಲ್ಲಿ ಅವಳಿಗೆ ಕಿವಿಯಮ್ಮ ಎಂದೇ ಹೆಸರು. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಆ ಪುಟ್ಟ ಕಂಪನಿಯಲ್ಲಿ ಇದ್ದವರೇ ಏಳು ಜನ. ಅಂಗಡಿ, ಹೋಟೆಲು, ಸಭಾಂಗಣಗಳ ಗೋಡೆಗೆ ತಗುಲಿಹಾಕುವ ಸ್ಪೀಕರುಗಳನ್ನು ಮಾಡಿಕೊಂಡು ಹೇಗೋ ಬದುಕಿದ್ದರು. ಯಾವ ಸ್ಪೀಕರೇ ಆಗಲಿ, ಅವಳ ಕಿವಿಗೆ ಬೀಳದೆ ಮೆಟ್ಟಿಲು ಇಳಿಯುವಂತಿರಲಿಲ್ಲ. ಅವಳು ತಲೆಯನ್ನು ಕೊಂಚ ಓರೆ ಮಾಡಿ ಕೇಳಿ "ಹ್ಞೂಂ" ಎಂದರೆ ಸರಿ. "ಊಹೂಂ" ಎಂದರೆ ಎಲ್ಲರೂ ಸುಮ್ಮನೆ ಸ್ಕ್ರೂಡ್ರೈವರ್ ಹುಡುಕಿಕೊಳ್ಳುತ್ತಿದ್ದರು.

ಹದಿನಾಲ್ಕು ತಿಂಗಳಿಂದ ಅವಳ ತಲೆಯಲ್ಲಿದ್ದದ್ದು ಒಂದೇ ಕೆಲಸ: ಕಂಪನಿಯ ಮೊದಲ ಹೋಮ್ ಥಿಯೇಟರ್. ಟೀವಿಯ ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು, ಕೂತವರ ಬೆನ್ನ ಹಿಂದೆ ಎರಡು ಪುಟ್ಟವು, ಮೂಲೆಯಲ್ಲಿ ಗುಡುಗುವುದಕ್ಕೆಂದು ದಢೂತಿಯೊಂದು. ಇವುಗಳಲ್ಲಿ ನಡುವಿನದರ ಮೇಲೆ ಅವಳಿಗೆ ವಿಶೇಷ ಅಕ್ಕರೆ. ಸಿನಿಮಾದಲ್ಲಿ ಬಾಂಬು ಎಲ್ಲಿಂದಲಾದರೂ ಸಿಡಿಯಲಿ, ಪಾತ್ರಗಳ ಮಾತು ಬರುವುದು ಅದರಿಂದಲೇ. ಮಾತು ಕೇಳಿಸದಿದ್ದ ಮೇಲೆ ಉಳಿದ ಗಲಾಟೆಯೆಲ್ಲ ಯಾಕೆ ಬೇಕು ಎಂಬುದು ಅವಳ ವಾದ.

ಈ ಹೋಮ್ ಥಿಯೇಟರನ್ನು ವ್ಯಾಪಾರಿಗಳ ಮುಂದಿಡಬೇಕಿದ್ದ ಪ್ರದರ್ಶನಕ್ಕೆ ಇನ್ನು ಆರು ವಾರ ಇದೆ ಎನ್ನುವಾಗ ಟೀವಿಯ ಬಳಿಯ ಮೂರು ಸ್ಪೀಕರುಗಳ ಪೆಟ್ಟಿಗೆಗಳನ್ನು ಮಾಡಿಕೊಡುತ್ತೇನೆಂದಿದ್ದ ಕಾರ್ಖಾನೆಯವನು ಕೈಯೆತ್ತಿಬಿಟ್ಟ. ಅವಳು ಬೆಳಗಿನ ಕಾಫಿಯ ಹೊತ್ತಿಗೆ ಗಂಡನ ಬಳಿ ಗೋಳು ತೋಡಿಕೊಂಡಳು. ಮೇಜಿನ ಆ ತುದಿಯಲ್ಲಿ ಪತ್ರಿಕೆ ಹಿಡಿದು ಕೂತಿದ್ದ ಮಾವ ಪತ್ರಿಕೆಯನ್ನು ಕೆಳಗಿಳಿಸಿದರು.

"ಅಳತೆ ಕೊಡು," ಎಂದರು.

ಮೂವತ್ತೆಂಟು ವರ್ಷ ಬಡಗಿಯಾಗಿದ್ದವರು ಅವರು. ಎರಡು ವರ್ಷದ ಹಿಂದೆ ಅಂಗಡಿ ಮುಚ್ಚಿ, ಯಂತ್ರಗಳನ್ನು ಮನೆಯ ಹಿಂದಿನ ಶೆಡ್ಡಿಗೆ ತಂದಿಟ್ಟುಕೊಂಡಿದ್ದರು. ಅಂದಿನಿಂದ ಮನೆಯಲ್ಲಿ ಯಾವ ಕಪಾಟಿಗೂ ನೆಮ್ಮದಿ ಇರಲಿಲ್ಲ. ಇವರ ಕೈಗೆ ಸಿಗದೆ ಉಳಿದಿರುವುದು ತಾನು ಒರಗಿ ಕೂರುವ ಬಾಗಿಲೊಂದೇ, ಅದಕ್ಕೂ ಯಾವತ್ತು ಉಜ್ಜುಗೊರಡು ಹಾಕುತ್ತಾರೋ ಎಂದು ಅತ್ತೆ ಹೇಳಿಕೊಂಡು ನಗುತ್ತಿದ್ದರು. ಮದುವೆಯಾಗಿ ನಾಲ್ಕು ವರ್ಷವಾದರೂ ಮಾವನಿಗೂ ಸೊಸೆಗೂ ನಡುವೆ ಊಟ, ಹವಾಮಾನ, ಬೀಗದ ಕೈ ಬಿಟ್ಟರೆ ಹೆಚ್ಚು ಮಾತು ಬೆಳೆದಿರಲಿಲ್ಲ. ಜಗಳವೇನಿಲ್ಲ; ಇಬ್ಬರೂ ಮಾತಿನಲ್ಲಿ ಕೈ ಬಿಗಿ. ಹಾಗಾಗಿ ಅವರು ತಾವಾಗಿ ಕೇಳಿದ್ದು ಅವಳಿಗೆ ಎಷ್ಟು ಹಿಗ್ಗು ತಂದಿತೆಂದರೆ, ಅಂದೇ ನಕ್ಷೆ ಬರೆದು ತಂದುಕೊಟ್ಟಳು. ಹದಿನೆಂಟು ಮಿಲಿಮೀಟರ್ ದಪ್ಪದ ಎಂಡಿಎಫ್ ಹಲಗೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದಳು.

ಮಾವ ಆ ಸಾಲಿನವರೆಗೆ ಓದಿ ನಕ್ಷೆ ಮಡಿಚಿದರು. ಮರದ ಪುಡಿಗೆ ಅಂಟು ಕಲಸಿ ಒತ್ತಿದ ಹಲಗೆಯನ್ನು ಅವರು ಜೀವಮಾನದಲ್ಲಿ ಮರವೆಂದು ಒಪ್ಪಿದವರಲ್ಲ. "ನಾನು ದಿನಾ ಸಂಜೆ ಗುಡಿಸಿ ಹೊರಗೆ ಹಾಕ್ತಿದ್ದನ್ನೇ ಇವರು ಅಂಟು ಹಾಕಿ ಮಾರ್ತಾರೆ," ಎನ್ನುತ್ತಿದ್ದರು. ಸೊಸೆಯ ಕೆಲಸಕ್ಕೆ ಅದು ಹೇಗೆ ಸಾಕು? ಹಳೆಯ ಶಾಲೆಯೊಂದನ್ನು ಕೆಡವಿದಾಗ ಅಲ್ಲಿನ ಪ್ರಯೋಗಶಾಲೆಯ ಮೇಜುಗಳ ಹಲಗೆಗಳನ್ನು ಅವರು ಎತ್ತಿಟ್ಟುಕೊಂಡಿದ್ದರು. ಜೇನಿನ ಬಣ್ಣದ, ಕಬ್ಬಿಣದಂಥ ಮರ. ಹನ್ನೊಂದು ವರ್ಷದಿಂದ ಯಾರಿಗೂ ಮುಟ್ಟಲು ಬಿಡದೆ ಕಾದಿಟ್ಟಿದ್ದನ್ನು ಹೊರಗೆ ತೆಗೆದರು.

ಮೂರು ವಾರ ಶೆಡ್ಡಿನ ಬಾಗಿಲು ಮುಚ್ಚಿಯೇ ಇತ್ತು. ತೆರೆದ ದಿನ ಅವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಮೂರು ಪೆಟ್ಟಿಗೆಗಳೂ ಹಾಸುಗಂಬಳಿಯ ಮೇಲೆ ಸಾಲಾಗಿ ಕೂತಿದ್ದವು. ಮೂಲೆಗಳಲ್ಲಿ ಎರಡು ಕೈಗಳ ಬೆರಳು ಹೆಣೆದಂತೆ ಹಲಗೆಗೆ ಹಲಗೆ ಹೆಣೆದಿತ್ತು, ಹುಡುಕಿದರೂ ಮೊಳೆಯೊಂದಿಲ್ಲ. ಮರದ ಎಳೆಗಳು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹರಿದುಹೋಗುವಂತೆ ಹಲಗೆಗಳನ್ನು ಹೊಂದಿಸಿದ್ದರು. ಅವಳಿಗೆ ನಕ್ಷೆಯ ಆ ಸಾಲು ನೆನಪಾಯಿತು. ಮಾವನ ಮುಖ ನೋಡಿದಳು. ಬಾಯಿಗೆ ಬಂದ ಮಾತನ್ನು ಹಾಗೇ ನುಂಗಿಕೊಂಡು, ತುಂಬ ಚೆನ್ನಾಗಿದೆ ಎಂದಳು. ಸುಳ್ಳೇನೂ ಆಡಲಿಲ್ಲ.

ಆಫೀಸಿನಲ್ಲಿ ಕೆಲಸವೇ ನಿಂತುಹೋಯಿತು. ಮಾಲೀಕರು ಪೆಟ್ಟಿಗೆಯನ್ನು ಕರುವಿನ ಬೆನ್ನು ಸವರಿದ ಹಾಗೆ ಸವರಿದರು. ತಕ್ಷಣ ಫೋಟೋ ತೆಗೆಸಿ ಪ್ರದರ್ಶನದ ಆಹ್ವಾನ ಪತ್ರದ ಮೇಲೆ ಹಾಕಿಸಿ, ಸಂಜೆಯೊಳಗೆ ನಾನೂರು ಜನರಿಗೆ ಕಳಿಸಿಯೂ ಬಿಟ್ಟರು.

ಮರುದಿನ ಅವಳು ಪೆಟ್ಟಿಗೆಗಳಿಗೆ ಸ್ಪೀಕರುಗಳನ್ನು ಕೂರಿಸಿ, ವಾರ್ತೆ ಓದುವ ಗಂಡಸಿನ ದನಿಯೊಂದನ್ನು ಹಾಕಿದಳು. ತಲೆ ಓರೆಯಾಯಿತು. ವಾರ್ತೆಯವನು ಕೊಡದೊಳಗೆ ಕೂತು ಓದುತ್ತಿದ್ದಂತಿತ್ತು. ಅವನ ದನಿ ಒಂದು ಮಟ್ಟಕ್ಕಿಳಿದಾಗಲೆಲ್ಲ ಪೆಟ್ಟಿಗೆಯೂ ಅವನ ಜೊತೆ ಗುಂಯ್ ಎಂದು ಸೇರಿಕೊಳ್ಳುತ್ತಿತ್ತು. ಹಲಗೆಗೆ ಅಂಗಿಯ ಗುಂಡಿಯಷ್ಟು ಗಾತ್ರದ, ಅದುರುವಿಕೆ ಗುರುತಿಸುವ ಸಂವೇದಕವನ್ನು ಮೇಣದಿಂದ ಅಂಟಿಸಿ ಅಳೆದು ನೋಡಿದಳು. ಕಂಪ್ಯೂಟರ್ ಪರದೆಯ ಮೇಲಿನ ಗೆರೆ ನೆಟ್ಟಗೆ ಹೋಗುತ್ತಿದ್ದದ್ದು ಒಂದೇ ಕಡೆ ಗೋಪುರದಂತೆ ಎದ್ದುನಿಂತಿತು. ಆ ಮರ ಅಷ್ಟು ಗಟ್ಟಿ, ಅಷ್ಟು ಒಣಗಿದ್ದು; ತಟ್ಟಿದರೆ ನುಡಿಯುವಂಥದ್ದು. ವಾದ್ಯಕ್ಕೆ ಅದಕ್ಕಿಂತ ಒಳ್ಳೆಯದು ಸಿಗಲಾರದು. ಸ್ಪೀಕರ್ ಪೆಟ್ಟಿಗೆಗೆ ಬೇಕಾಗಿದ್ದದ್ದು ಬಾಯಿ ಮುಚ್ಚಿಕೊಂಡಿರುವ ಹಲಗೆ.

ಗಂಡನನ್ನು ಕೇಳಿದರೆ ಅವನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಹೇಳುವುದೂ ಒಳ್ಳೆಯದೇ, ಹೇಳದಿರುವುದೂ ಒಳ್ಳೆಯದೇ ಎಂದ. ಅಪ್ಪ ಇಷ್ಟು ಖುಷಿಯಾಗಿದ್ದದ್ದನ್ನು ತಾನು ಎರಡು ವರ್ಷದಿಂದ ನೋಡಿಲ್ಲ ಎಂದೂ ಸೇರಿಸಿದ. ಆ ಮಾತೇ ಅವಳ ಬಾಯಿ ಕಟ್ಟಿಹಾಕಿತು. ಆಫೀಸಿನಲ್ಲಿ ಯಾರಿಗೂ ಹೇಳದೆ, ಸ್ಪೀಕರ್ ಕೂರುವ ತೂತಿನಿಂದ ಕೈ ತೂರಿಸಿ, ಪೆಟ್ಟಿಗೆಗಳ ಒಳಗೆ ಪ್ಲೈವುಡ್ಡಿನ ಅಡ್ಡಪಟ್ಟಿಗಳನ್ನು ಅಂಟಿಸಿದಳು. ಮೊಣಕೈವರೆಗೆ ಅಂಟು ಮೆತ್ತಿಕೊಂಡಿತು. ಗೋಪುರ ಗುಡ್ಡವಾಯಿತೇ ಹೊರತು ನೆಲಸಮವಾಗಲಿಲ್ಲ.

ಕೊನೆಯ ಕೈ ಎಣ್ಣೆ ಉಜ್ಜಲೆಂದು ಪೆಟ್ಟಿಗೆಗಳು ಮನೆಗೆ ಬಂದವು. ಮಾವ ಒಂದನ್ನು ಎತ್ತಿದವರು ಅಲ್ಲೇ ನಿಂತರು. ತಾವು ಮಾಡಿದ ವಸ್ತುವಿನ ಭಾರ ಅವರ ಕೈಗೆ ಗೊತ್ತಿತ್ತು. ಪೆಟ್ಟಿಗೆಯನ್ನು ಕೆಳಗಿಟ್ಟು ತೂತಿನೊಳಗೆ ಕೈ ಹಾಕಿದರು. ಬೆರಳಿಗೆ ಒಣಗಿದ ಅಂಟಿನ ಉಂಡೆಗಳು ಸಿಕ್ಕವು. ಎಣ್ಣೆಯ ಡಬ್ಬಿಗೆ ಮುಚ್ಚಳ ಹಾಕಿ, ಕೈ ತೊಳೆದುಕೊಂಡು ಒಳಗೆ ಹೋದರು.

ಮೂರು ದಿನ ಮನೆಯಲ್ಲಿ ಮರ್ಯಾದೆ ಉಕ್ಕಿ ಹರಿಯಿತು. "ಅವಳಿಗೆ ಇನ್ನೊಂದು ಲೋಟ ಕಾಫಿ ಬೇಕಾ ಕೇಳು," ಎಂದು ಮಾವ ಅತ್ತೆಗೆ ಹೇಳುತ್ತಿದ್ದರು, ಅವಳು ಎದುರಿಗೇ ಕೂತಿದ್ದಾಗ. ನಾಲ್ಕನೇ ದಿನ ಬಟ್ಟೆ ಒಣಹಾಕುವಾಗ ಅತ್ತೆ ಅವಳನ್ನು ಹಗ್ಗದ ಪಕ್ಕಕ್ಕೆ ಕರೆದರು. ಮದುವೆಯಾದ ಹೊಸತರಲ್ಲಿ ಮಾವ ಮಾಡಿಕೊಟ್ಟ ಅಡುಗೆಮನೆಯ ಕಪಾಟು ತನಗೆ ಕೈಗೆಟುಕದಷ್ಟು ಎತ್ತರವಿತ್ತೆಂದೂ, ಅದನ್ನು ಅವತ್ತೇ ಹೇಳಿದೆನೆಂದೂ, ಒಂದು ಹೊತ್ತು ಊಟ ಬಿಟ್ಟವರು ಮಾರನೇ ದಿನ ಕಪಾಟು ಇಳಿಸಿಕೊಟ್ಟರೆಂದೂ ಹೇಳಿದರು.

"ತಪ್ಪು ಹೇಳಿದ್ರೆ ಅವರಿಗೆ ಸಿಟ್ಟು ಬರುತ್ತೆ, ಹೋಗುತ್ತೆ. ನೀನು ಹೇಳಲಿಲ್ಲ. ಮನುಷ್ಯ ಅಂಗಿ ಹಾಕ್ಕೊಂಡಿರೋವಾಗ ಹಿಂದಿನಿಂದ ಬಂದು ತೇಪೆ ಹಾಕಿದ ಹಾಗಾಯ್ತು."

ಅವಳು ಕೈಯಲ್ಲಿದ್ದ ಕ್ಲಿಪ್ಪುಗಳನ್ನು ಅತ್ತೆಯ ಕೈಗೆ ಕೊಟ್ಟು ನೆಟ್ಟಗೆ ಶೆಡ್ಡಿಗೆ ಹೋದಳು. ಮಾವ ಉಳಿಗಳಿಗೆ ಸಾಣೆ ಹಿಡಿಯುತ್ತಿದ್ದರು.

"ಪೆಟ್ಟಿಗೆ ಸರಿ ಬಂದಿಲ್ಲ, ಮಾವ," ಎಂದಳು. "ಅವತ್ತೇ ಹೇಳ್ಬೇಕಿತ್ತು. ನಿಮ್ಮ ಮುಖ ನೋಡಿ ಧೈರ್ಯ ಬರಲಿಲ್ಲ."

ಅವರು ಸಾಣೆಕಲ್ಲಿನಿಂದ ಕಣ್ಣೆತ್ತದೆ, ಎಲ್ಲಿ ಸರಿ ಬಂದಿಲ್ಲ ತೋರಿಸು ಎಂದರು.

ಅವಳು ನಡುವಿನ ಪೆಟ್ಟಿಗೆಗೆ ಸ್ಪೀಕರ್ ಕೂರಿಸಿ ಅದೇ ವಾರ್ತೆ ಹಾಕಿದಳು. ಮಾವ ಸ್ಟೂಲ್ ಎಳೆದುಕೊಂಡು ಕೂತು, ಪೆಟ್ಟಿಗೆಯ ಪಕ್ಕಕ್ಕೆ ಅಂಗೈ ಒತ್ತಿದರು. ಕಣ್ಣು ಮುಚ್ಚಿದರು. ವಾರ್ತೆಯವನ ದನಿ ಕೆಳಗಿಳಿದಾಗ ಅವರ ಹುಬ್ಬು ಗಂಟಿಕ್ಕಿತು. ಇನ್ನೊಮ್ಮೆ ಹಾಕಲು ಹೇಳಿದರು, ಮತ್ತೊಮ್ಮೆ ಹಾಕಿಸಿದರು. ಆಮೇಲೆ ಕೈ ತೆಗೆದು ತೊಡೆಗೆ ಒರೆಸಿಕೊಂಡರು.

"ಇದೂ ಮಾತಾಡ್ತಿದೆ ಕಣಮ್ಮ. ಅವನ ಜೊತೆಗೆ."

"ಹೌದು, ಮಾವ."

"ನಿನಗೆ ಬೇಕಾಗಿರೋದು ಪಕ್ಕದಲ್ಲಿ ಕೂತು ಸುಮ್ಮನಿರೋ ಹಲಗೆ." ಅವರು ಒಂದು ಕ್ಷಣ ಯೋಚಿಸಿದರು. "ಅದು ಕಷ್ಟದ ಕೆಲಸ. ನಾನು ನಿಮ್ಮತ್ತೆ ಪಕ್ಕದಲ್ಲಿ ಅಭ್ಯಾಸ ಮಾಡ್ತಾನೇ ಇದೀನಿ."

ಅವಳಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಎರಡನ್ನೂ ಅವರು ಗಮನಿಸದವರಂತೆ ಎದ್ದು, ಆ ಪುಡಿಯ ಹಲಗೆ ಎಲ್ಲಿ ಸಿಗುತ್ತದೆಂದು ವಿಚಾರಿಸಿದರು.

ಪ್ರದರ್ಶನಕ್ಕೆ ಉಳಿದಿದ್ದದ್ದು ಒಂಬತ್ತು ದಿನ. ಅವಳು ಬೆಳಗ್ಗೆ ಆಫೀಸಿಗೆ ಹೋಗುವ ಬದಲು ಅಳತೆಯ ಉಪಕರಣಗಳನ್ನೇ ಶೆಡ್ಡಿಗೆ ತಂದಳು. ಮಾವ ಮೂಗಿಗೆ ಬಟ್ಟೆ ಕಟ್ಟಿಕೊಂಡು ಎಂಡಿಎಫ್ ಕೊಯ್ದರು. ಕೊಯ್ಯುವಷ್ಟು ಹೊತ್ತೂ ಅದನ್ನು ಬೈದರು. ಅಡ್ಡಪಟ್ಟಿಗಳ ವಿಷಯ ಬಂದಾಗ ಇಬ್ಬರಿಗೂ ಜಟಾಪಟಿಯಾಯಿತು. ಅವಳ ಲೆಕ್ಕದಲ್ಲಿ ಪಟ್ಟಿ ಹಲಗೆಯ ನಟ್ಟನಡುವೆ ಬರಬೇಕು. ಅವರು ಗೆಣ್ಣಿನಿಂದ ಹಲಗೆಯ ಉದ್ದಕ್ಕೂ ಟಕಟಕ ತಟ್ಟುತ್ತ ಹೋಗಿ, ನಡುವಿನಿಂದ ನಾಲ್ಕು ಬೆರಳು ಆಚೆಗೆ ಸೀಮೆಸುಣ್ಣದ ಗುರುತು ಹಾಕಿದರು.

"ಸರಿಯಾಗಿ ಮಧ್ಯಕ್ಕೆ ಹಾಕಿದ್ರೆ ಎರಡು ಕಡೆಗೂ ಒಂದೇ ಅಳತೆ ಬರುತ್ತೆ. ಎರಡೂ ಸೇರಿ ಒಂದೇ ರಾಗ ಎಳೀತಾವೆ. ಅವಕ್ಕೆ ಜೊತೆ ಸಿಗೋ ಹಾಗೆ ಮಾಡಬಾರದು."

ಎರಡು ಥರವೂ ಮಾಡಿ ಅಳೆದರು. ಅವಳ ಗುರುತಿನಲ್ಲಿ ಗೆರೆ ಸಣ್ಣಗೆ ಎದ್ದು ನಿಂತಿತು. ಅವರ ಗುರುತಿನಲ್ಲಿ ಹಾಸಿಗೆಯ ಮೇಲಿನ ಹೊದಿಕೆಯಷ್ಟು ಸಪಾಟಾಯಿತು. ಅವಳು ಕಂಪ್ಯೂಟರನ್ನು ಅವರತ್ತ ತಿರುಗಿಸಿದಳು. ಅವರು ಕನ್ನಡಕ ಹಾಕಿಕೊಂಡು ನೋಡಿ, ಇದನ್ನು ತಿಳಿಯೋಕೆ ಇಷ್ಟೊಂದು ವೈರು ಬೇಕಾಯಿತೇ ಎಂದು ಕೇಳಿದರು. ಆದರೆ ಆ ಪರದೆಯ ಮುಂದಿನಿಂದ ಮಾತ್ರ ಬಹಳ ಹೊತ್ತು ಕದಲಲಿಲ್ಲ. ಅಂದಿನಿಂದ ಪ್ರತಿಯೊಂದು ಹಲಗೆಯನ್ನೂ ಮೊದಲು ತಟ್ಟಿ, ಇಲ್ಲಿ ಇಷ್ಟು ಬರುತ್ತೆ ನೋಡು ಎಂದು ಹೇಳಿ, ಆಮೇಲೆ ಅಳೆಯಲು ಬಿಡುತ್ತಿದ್ದರು. ಹತ್ತರಲ್ಲಿ ಎಂಟು ಸಲ ಸರಿಯಿರುತ್ತಿತ್ತು. ಉಳಿದೆರಡು ಸಲ ಸಂವೇದಕದ ಮೇಣ ಸರಿಯಾಗಿ ಅಂಟಿಲ್ಲ ಎನ್ನುತ್ತಿದ್ದರು.

ಹೊಸ ಪೆಟ್ಟಿಗೆಗಳು ಬಾಯಿ ಮುಚ್ಚಿಕೊಂಡವು. ಆದರೆ ನೋಡಲು ರಟ್ಟಿನ ಡಬ್ಬಗಳಂತಿದ್ದವು, ಆಹ್ವಾನ ಪತ್ರದಲ್ಲೋ ಜೇನಿನ ಬಣ್ಣದ ಮರ ಹೊಳೆಯುತ್ತಿತ್ತು. ಆ ಮರದ ತುಂಡು ಒಂದೂ ಉಳಿದಿರಲಿಲ್ಲ. ಇದ್ದದ್ದೆಲ್ಲ ಮೊದಲ ಮೂರು ಪೆಟ್ಟಿಗೆಗಳಲ್ಲೇ. ಮಾವ ಒಂದು ಮಧ್ಯಾಹ್ನ ಅವುಗಳಲ್ಲಿ ಒಂದನ್ನು ಎತ್ತಿ ಗರಗಸದ ಯಂತ್ರದ ಪಕ್ಕಕ್ಕಿಟ್ಟಾಗ ಅವಳಿಗೆ ಅರ್ಥವಾಯಿತು. ಬೇಡ ಎಂದಳು. ಮಾಲೀಕರಿಗೆ ಹೇಳಿ ಬೇರೆ ಫೋಟೋ ಹಾಕಿಸುತ್ತೇನೆ, ಬಣ್ಣ ಬಳಿಸುತ್ತೇನೆ ಎಂದಳು. ಇವನ್ನು ಬಟ್ಟೆ ಇಡುವುದಕ್ಕಾದರೂ ಇಟ್ಟುಕೊಳ್ಳೋಣ ಎಂದು ಅಂಗಲಾಚಿದಳು.

"ಬಟ್ಟೆ ಇಡೋಕೆ ಮಾಡಿದ್ದಲ್ಲ ಅದು," ಎಂದರು ಮಾವ. "ಆ ಕಡೆ ಹಿಡ್ಕೋ. ಅಲುಗಾಡಿಸಬೇಡ."

ಹೆಣೆದ ಮೂಲೆಗಳನ್ನು ಅವರು ತಾವೇ ಕತ್ತರಿಸಿ ತೆಗೆದರು. ಅಗಲದ ಹಲಗೆಗಳನ್ನು ನಿಲ್ಲಿಸಿ, ಎರಡು ಮಿಲಿಮೀಟರ್ ದಪ್ಪದ ಹಾಳೆಗಳಾಗಿ ಸೀಳಿದರು. ಅವಳು ಇನ್ನೊಂದು ತುದಿ ಹಿಡಿದು ಉಸಿರು ಬಿಗಿಹಿಡಿದು ನಿಂತಿದ್ದಳು. ಶೆಡ್ಡಿನ ತುಂಬ ಹಳೆಯ ಮರದ ಸಿಹಿ ವಾಸನೆ. ಮೂರು ವಾರದ ಕೆಲಸ ಒಂದು ಮಧ್ಯಾಹ್ನದಲ್ಲಿ ಹಾಳೆಗಳ ಕಟ್ಟಾಯಿತು. ಅವರ ಮುಖದಲ್ಲಿ ಸಂಕಟ ಹುಡುಕಿದಳು. ಕಂಡದ್ದು ಅವಸರ ಮಾತ್ರ. ಹಾಳೆಗಳನ್ನು ಹೊಸ ಪೆಟ್ಟಿಗೆಗಳಿಗೆ ಅಂಟಿಸಿ, ಒತ್ತಿ, ಉಜ್ಜಿ, ಎಣ್ಣೆ ಹಾಕುವ ಹೊತ್ತಿಗೆ ಪ್ರದರ್ಶನಕ್ಕೆ ಒಂದೇ ದಿನ ಬಾಕಿ. ಕಂಪನಿಯ ವ್ಯಾನು ಬಂದಾಗ ಮಾವ ಕೋಟು ಹಾಕಿಕೊಂಡು ಸಿದ್ಧರಾಗಿದ್ದರು. ಅವರನ್ನು ಯಾರೂ ಕರೆದಿರಲಿಲ್ಲ; ಕರೆಯಬೇಕೆಂದು ಯಾರಿಗೂ ಅನಿಸಿರಲೂ ಇಲ್ಲ, ಬರುವವರೇ ಎಂದು ಎಲ್ಲರಿಗೂ ಗೊತ್ತಿತ್ತು.

ಪ್ರದರ್ಶನದಲ್ಲಿ ಕಂಪನಿಯ ಪಾಲಿಗೆ ಬಂದಿದ್ದು ಪರದೆ ಕಟ್ಟಿದ ಸಣ್ಣ ಕೋಣೆ, ಹತ್ತು ಕುರ್ಚಿ. ಮಾಲೀಕರು ಸಿನಿಮಾವೊಂದರಿಂದ ಆರು ನಿಮಿಷದ ತುಣುಕು ಆರಿಸಿದ್ದರು. ಬಸ್ ನಿಲ್ದಾಣದಲ್ಲಿ ಮಳೆ, ಹಿಂದೆ ಬಸ್ಸುಗಳ ಸದ್ದು, ಮುದುಕನೊಬ್ಬ ಫೋನಿನಲ್ಲಿ ಮಗಳಿಗೆ ತಗ್ಗಿದ ದನಿಯಲ್ಲಿ ಏನೋ ಹೇಳುತ್ತಾನೆ. ಮಗಳು ಉತ್ತರಿಸುವ ಮೊದಲೇ ಬಸ್ಸು ಬರುತ್ತದೆ. ಮಾತು, ಮಳೆ, ಬಸ್ಸಿನ ಗುಡುಗು ಎಲ್ಲವೂ ಒಂದರೊಳಗಿರುವುದರಿಂದ ಸ್ಪೀಕರ್ ತೋರಿಸಲು ಹೇಳಿ ಮಾಡಿಸಿದ ತುಣುಕು. ಅವಳು ಅಂದು ಬೆಳಗ್ಗೆಯೇ ಅದನ್ನು ಇಪ್ಪತ್ತು ಸಲ ಕೇಳಿದ್ದಳು. ಮಳೆ ಎಲ್ಲಿ ಬೀಳುತ್ತಿದೆ, ದನಿ ಎಲ್ಲಿ ನಿಂತಿದೆ ಎಂಬುದಷ್ಟೇ ಅವಳ ಗಮನ.

ಜನ ಬಂದರು, ಕೂತರು, ಎದ್ದುಹೋದರು. ಕೆಲವರು ಪೆಟ್ಟಿಗೆಯನ್ನು ತಟ್ಟಿನೋಡಿದರು. ಅದು ಗೋಡೆಯಂತೆ ಸುಮ್ಮನಿತ್ತು. ದೊಡ್ಡ ಅಂಗಡಿಗಳ ಸರಣಿಯೊಂದರ ಹೆಂಗಸು ಎರಡು ಸಲ ಕೇಳಿ, ಕಣ್ಣು ಮುಚ್ಚಿ ಮೂರನೇ ಸಲವೂ ಕೇಳಿ, ಮಾಲೀಕರನ್ನು ಹೊರಗೆ ಕರೆದುಕೊಂಡು ಹೋದಳು. ಮಾಲೀಕರು ವಾಪಸು ಬಂದಾಗ ಮುಖ ಊರಗಲವಾಗಿತ್ತು. ಈ ಪೆಟ್ಟಿಗೆಯ ವಿನ್ಯಾಸ ಯಾರದು ಎಂದು ಅವರು ಕೇಳುತ್ತಿದ್ದಾರೆ, ಏನು ಹೇಳಲಿ ಎಂದರು. ನಾನು ಮತ್ತು ನಮ್ಮ ಮಾವ ಎಂದಳು ಅವಳು, ಎರಡನೇ ಯೋಚನೆಯಿಲ್ಲದೆ.

ಮಾವನಿಗೆ ಅದು ಕೇಳಿಸಲಿಲ್ಲ. ಅವರು ಹಿಂದಿನ ಸಾಲಿನ ಕುರ್ಚಿಯಲ್ಲಿ ಬೆಳಗಿನಿಂದ ಅಲ್ಲಾಡದೆ ಕೂತಿದ್ದರು. ಇಷ್ಟು ದಿನ ಹಲಗೆಯನ್ನೇ ಕೇಳಿದವರು, ಹಲಗೆ ಸುಮ್ಮನಾದ ಮೇಲೆ ಈಗ ಮಾತು ಕೇಳತೊಡಗಿದ್ದರು. ಕೊನೆಯ ತಂಡ ಎದ್ದುಹೋದಾಗ ಅವಳು ಹತ್ತಿರ ಹೋದಳು. ಅವರು ಕರವಸ್ತ್ರದಿಂದ ಮೂಗು ಒರೆಸಿಕೊಳ್ಳುತ್ತಿದ್ದರು.

"ಆ ಮುದುಕ ಮನೆಗೆ ಬಾ ಅಂದನಲ್ಲ, ಆ ಹುಡುಗಿ ಹೋದಳಾ ಆಮೇಲೆ?" ಎಂದು ಕೇಳಿದರು.

ಅವಳಿಗೆ ಗೊತ್ತಿರಲಿಲ್ಲ. ಆ ಸಿನಿಮಾದ ಹೆಸರನ್ನೂ ಅವಳು ಸರಿಯಾಗಿ ನೋಡಿರಲಿಲ್ಲ. ಹನ್ನೆರಡು ವರ್ಷದಿಂದ ನೂರಾರು ಸಿನಿಮಾಗಳ ತುಣುಕುಗಳನ್ನು ಕೇಳುತ್ತ ಬಂದವಳು, ಯಾವುದರ ಕತೆಯನ್ನೂ ಕೊನೆಯವರೆಗೆ ನೋಡಿದ ನೆನಪಿಲ್ಲ ಎಂದು ಹೇಳಿದಳು. ಮಾವ ಅವಳನ್ನು ಬಹಳ ಕನಿಕರದಿಂದ ನೋಡಿದರು.

ಮಾಲೀಕರನ್ನು ಕೇಳಿ ಸ್ಪೀಕರುಗಳನ್ನು ಎರಡು ದಿನದ ಮಟ್ಟಿಗೆ ಮನೆಗೆ ತಂದರು. ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ, ಆ ಸಿನಿಮಾವನ್ನು ಮೊದಲಿನಿಂದ ಹಾಕಿಕೊಂಡು ನಾಲ್ವರೂ ನಡುಮನೆಯಲ್ಲಿ ಕೂತರು. ಅತ್ತೆ ಹಿಂದಿನ ಪುಟ್ಟ ಸ್ಪೀಕರಿನಿಂದ ಬಾಗಿಲ ಸದ್ದು ಬಂದಾಗ ಎರಡು ಸಲ ಎದ್ದು ಹೋಗಿ ನಿಜವಾದ ಬಾಗಿಲು ತೆರೆದು ನೋಡಿದರು. ಗಂಡ ಮಾತಾಡಲು ಬಾಯಿ ತೆರೆದಾಗಲೆಲ್ಲ ಮಾವ ಕೈಯೆತ್ತಿ ಸುಮ್ಮನಿರಿಸಿದರು. ಬಸ್ ನಿಲ್ದಾಣ ಬಂತು, ಹೋಯಿತು. ಅಲ್ಲಿಂದಾಚೆಗೆ ಅವಳಿಗೂ ಎಲ್ಲ ಹೊಸದು. ಮಳೆ ಯಾವ ಮೂಲೆಯಿಂದ ಬರುತ್ತಿದೆ ಎಂದು ಒಂದು ಸಲವೂ ಗಮನಿಸಲಿಲ್ಲ.

ಹುಡುಗಿ ಮನೆಗೆ ಹೋದಳು. ತುಂಬ ತಡವಾಗಿ, ಆದರೆ ಹೋದಳು. ಮಾವ ಉದ್ದಕ್ಕೆ ಉಸಿರು ಬಿಟ್ಟು ಕಾಲು ಚಾಚಿದರು. ಮುಂದಿನ ಭಾನುವಾರ ಏನು ನೋಡುವುದು ಎಂದು ಅವಳನ್ನು ಕೇಳಿದರು.